ಕೀಬೋರ್ಡ್ ಬದಿಗಿಟ್ಟು ನಾಲ್ಕು ಧ್ವನಿಯಲ್ಲಿ ಕೀರ್ತನೆ: ನನ್ನ ಅನುಭವ

ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಲು ಬಾರದವರು ಕೀಬೋರ್ಡಿನ ಆಸರೆಯಿಲ್ಲದೆ ನಾಲ್ಕು ಧ್ವನಿ, ಅಂದರೆ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್, ಒಟ್ಟಿಗೆ ಹಾಡುವುದು ಆಗದ ಮಾತು ಎಂದವರೇ ಹೆಚ್ಚು. ಆಗುತ್ತದೆ. ಸರಿಗಮ ಬಲ್ಲ ಹನ್ನೆರಡು ಜನ, ಬಡಿದರೆ ‘ಎ’ ಸ್ವರ ಕೊಡುವ ಒಂದು ಟ್ಯೂನಿಂಗ್ ಫೋರ್ಕ್, ಒಂದು ಶ್ರುತಿ ಪೆಟ್ಟಿಗೆ ಇದ್ದರೆ ಸಾಕು. ಈಗ ನಮ್ಮ ತಂಡ ಬೈಬಲಿನ 100ನೇ ಕೀರ್ತನೆಯ ನಾಲ್ಕು ಚರಣಗಳನ್ನೂ ವಾದ್ಯವಿಲ್ಲದೆ ಹಾಡಿ, ಎತ್ತಿಕೊಂಡ ಶ್ರುತಿಯಲ್ಲೇ ನಿಲ್ಲಿಸುತ್ತದೆ. ದೊಡ್ಡ ಕ್ವಾಯರುಗಳಿಗೂ ಇದು ಸುಲಭವಲ್ಲ.

ಮೊದಲ ರಾಗವಾಗಿ (ಇಲ್ಲಿ ರಾಗ ಅಂದರೆ ಹಾಡಿನ ಧಾಟಿ) ಓಲ್ಡ್ ಹಂಡ್ರೆಡ್ತ್ ಬಿಟ್ಟು ಬೇರೆ ಹಿಡಿಯಬೇಡಿ. 1551ರ ಜಿನೀವಾ ರಾಗ ಅದು. ಅಲ್ಲಿ 134ನೇ ಕೀರ್ತನೆಗೆ ಇದ್ದದ್ದು ಇಂಗ್ಲಿಷಿನಲ್ಲಿ 100ಕ್ಕೆ ಅಂಟಿಕೊಂಡಿತು. ಸಾಲಿಗೆ ಎಂಟು ಅಕ್ಷರದಂತೆ ನಾಲ್ಕು ಸಾಲು, ಅಕ್ಷರಕ್ಕೊಂದು ಸ್ವರ, ಒಟ್ಟು 32 ಮೇಳ, ಅಂದರೆ ನಾಲ್ಕು ಧ್ವನಿ ಒಮ್ಮೆಲೇ ಹಿಡಿಯುವ ಸ್ವರಗುಂಪು. ಎಲ್ಲವೂ ಶಂಕರಾಭರಣದ ಸ್ವರಗಳೇ. ಮೊದಲ ಸಾಲು ಸ ಸ ನಿ ದ ಪ ಸ ರಿ ಗ, ಅದರಲ್ಲಿ ನಿ ದ ಪ ಮಂದ್ರದವು. ಶ್ರುತಿ ಜಿ, ಅಂದರೆ ಬಿಳಿ 5. ಫೋರ್ಕಿನ ಎ ಈ ಶ್ರುತಿಯ ರಿ ಆಗುತ್ತದೆ. ಒಂದು ಸ್ವರ ಇಳಿದರೆ ಸ. ಟೆನರ್‌ಗೆ ಎತ್ತರವೆನಿಸಿದರೆ ಎಫ್‌ಗೆ ಇಳಿಸಬಹುದು, ಆದರೆ ಬೇಸ್‌ನವರ ಕೆಳಗಿನ ಸ್ವರ ಗಾಳಿಯಾಗುತ್ತದೆ.

ಎಲ್ಲರೂ ಸೊಪ್ರಾನೊ ಮೊದಲು ಕಲಿಸಿ, ಮೇಲೆ ಒಂದೊಂದೇ ಪಾರ್ಟು ಪೇರಿಸುತ್ತಾರೆ. ಫಲ ಏನೆಂದರೆ, ನಾಲ್ಕೂ ಕೂಡಿದ ಕೂಡಲೇ ಅರ್ಧ ಜನ ಸೊಪ್ರಾನೊಗೆ ಜಾರುತ್ತಾರೆ. ನಾನು ಬೇಸ್‌ನಿಂದ ಶುರು ಮಾಡುತ್ತೇನೆ. ಹೆಂಗಸರೂ ಒಂದು ಸ್ಥಾಯಿ ಮೇಲೆ ಬೇಸನ್ನೇ ಹಾಡಬೇಕು. ಆಮೇಲೆ ಹಿಂದಿನಿಂದ ಮುಂದಕ್ಕೆ: ಕೊನೆಯ ಸಾಲಿನ ಕಡೇ ಎರಡು ಮೇಳ ಮೊದಲು. ಸೊಪ್ರಾನೊ ರಿ–ಸ, ಬೇಸ್ ಪ–ಸ, ನಡುವಿನ ಎರಡು ಧ್ವನಿಗಳಲ್ಲಿ ಒಂದರ ಪಾಲಿಗೆ ನಿ. ಅದು ಗಟ್ಟಿಯಾದ ಮೇಲೆ ನಾಲ್ಕು ಮೇಳ, ಆಮೇಲೆ ಎಂಟು. ಹೀಗೆ ಕಲಿತರೆ ಹಾಡುತ್ತಾ ಹೋದಂತೆ ಚೆನ್ನಾಗಿ ಬಲ್ಲ ಜಾಗಕ್ಕೇ ಹೋಗುತ್ತೀರಿ. ಧೈರ್ಯ ಹೆಚ್ಚುತ್ತದೆ, ದನಿ ನಡುಗುವುದಿಲ್ಲ. ಬೇಸ್–ಸೊಪ್ರಾನೊ ಜೋಡಿ ನಿಂತ ಮೇಲೆ ಟೆನರ್. ಆಲ್ಟೊ ಕೊನೆಗೆ. ಆ ಪಾರ್ಟು ಎರಡು ಮೂರು ಸ್ವರಗಳ ಸುತ್ತಲೇ ಸುಳಿಯುವುದರಿಂದ ಬಿಡಿಯಾಗಿ ಕಲಿತರೆ ನೆನಪಿನಲ್ಲಿ ಉಳಿಯದು. ಆಲ್ಟೊದವರಿಗೆಂದೇ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅದನ್ನು ಎದುರು ಕೂತವರಿಗೆ ಮಾತ್ರ ಹೇಳಿಕೊಡುತ್ತೇನೆ.

ಜನರ ಹಂಚಿಕೆ ಸರಿಸುಮಾರು ಸೊಪ್ರಾನೊ 4, ಆಲ್ಟೊ 3, ಟೆನರ್ 2, ಬೇಸ್ 3. ಗಾಂಧಾರ ಹಿಡಿದವರು ಮೆಲ್ಲಗೆ, ಷಡ್ಜ ಹಿಡಿದವರು ಗಟ್ಟಿಯಾಗಿ.

ಕೀಬೋರ್ಡ್ ಬೇಡವೆನ್ನಲು ಕಾರಣವಿದೆ. ಅದರ ಗಾಂಧಾರ ಶುದ್ಧ ಸ್ಥಾನಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಹದಿನಾಲ್ಕು ಪಾಲು. ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರವೇ ಮೇಳಕ್ಕೆ ಬೇಕಾದ ಗಾಂಧಾರ. ಅದನ್ನು ಕಿವಿ ತುಂಬಿಕೊಂಡವರ ಕೈಗೆ ಕೀಬೋರ್ಡ್ ಕೊಟ್ಟರೆ ಕಲಿತದ್ದೂ ಕೆಡುತ್ತದೆ. ಆದರೆ ಶ್ರುತಿ ಪೆಟ್ಟಿಗೆ ಒಂದೊಂದೇ ಪಾರ್ಟು ಕಲಿಯುವಾಗಷ್ಟೇ. ನಾಲ್ಕೂ ಕೂಡಿದಾಗ ಆರಿಸಲೇಬೇಕು. ಪಂಚಮದ ಮೇಳ ಬಂದಾಗ ನಿ ಹೋಗಿ ಪೆಟ್ಟಿಗೆಯ ಸ ಜೊತೆ ಗುದ್ದುತ್ತದೆ. ಅಲ್ಲಿಂದ ಮುಂದೆ ಬೇಸ್‌ನವರೇ ಆಧಾರ.

ನಮ್ಮವರಿಗೆ ಬಿಡಿಸಲು ಅತಿ ಕಷ್ಟವಾದದ್ದು ಗಮಕ. ಒಬ್ಬರು ರಿಯಿಂದ ಗಕ್ಕೆ ಜಾರಿದರೂ ಮೇಳ ಕಲಕುತ್ತದೆ. ಸ್ವರಕ್ಕೊಂದು ‘ನೂ’ ಹಚ್ಚಿ, ನಡುವೆ ಕೂದಲೆಳೆಯಷ್ಟು ಬಿಡುವು ಕೊಟ್ಟು ಹಾಡಿಸಿ, ಆಮೇಲೆ ಬಿಡುವು ಮುಚ್ಚಿಸಿ. ಶ್ರುತಿ ಇಳಿಯುವುದಕ್ಕೆ ಎಲ್ಲರೂ ಉಸಿರನ್ನು ದೂರುತ್ತಾರೆ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಎರಡು ಕಡೆ: ಒಂದೇ ಸ್ವರ ಮರುಕಳಿಸುವಲ್ಲಿ ಎರಡನೆಯದು ತಗ್ಗುತ್ತದೆ, ಬೇಸ್‌ನ ಸ–ಪ ಜಿಗಿತ ಕಿರಿದಾಗುತ್ತದೆ. ಸಾಲಿನ ಕೊನೆಯಲ್ಲಿ ನಿಲ್ಲಿಸಿ ಫೋರ್ಕ್ ಬಡಿದು ನೋಡಿದರೆ ಯಾವ ಸಾಲಿನಲ್ಲಿ ಸೋರಿಕೆ ಎಂದು ಗೊತ್ತಾಗುತ್ತದೆ.

ದುಡ್ಡಿನ ಮಾತು. ತಂಡ ಕೊಂಡ 61 ಕೀಲಿಯ ಕೀಬೋರ್ಡಿಗೆ ಹತ್ತು ಹನ್ನೆರಡು ಸಾವಿರ ಹೋಯಿತು, ಈಗ ಬೀರುವಿನಲ್ಲಿದೆ. ನಾಲ್ಕು ಪಾರ್ಟು ಬೇರೆ ಬೇರೆ ಮಾಡಿಸಿದ ಸ್ಟುಡಿಯೊ ರೆಕಾರ್ಡಿಂಗಿಗೆ ಮತ್ತೆ ನಾಲ್ಕೈದು ಸಾವಿರ. ಅದಕ್ಕೆ ಹೊಂದಿ ಹಾಡಲು ಕಲಿತವರು ಪಕ್ಕದವರನ್ನು ಕೇಳುವುದನ್ನೇ ಬಿಟ್ಟರು. ಕೆಲಸಕ್ಕೆ ಬಂದದ್ದು ಮುನ್ನೂರು ರೂಪಾಯಿ ಆಸುಪಾಸಿನ ಫೋರ್ಕ್, ಜೆರಾಕ್ಸ್ ಹಾಳೆ, ಫೋನು.

ಕನ್ನಡ ಪದ ಕೂಡಿಸುವುದು ಬೇರೆಯೇ ಪಾಡು. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಗೀತೆ ಹೊಂದಿಸುವ ಕೆಲಸ ನಮ್ಮಲ್ಲಿ ನಡೆದೇ ಇದೆ. ಕರಾವಳಿಯ ಕ್ರೈಸ್ತ ಸಭೆಗಳಲ್ಲಿ ಬೆಳೆದವರಿಗೆ ಈ ಬಿಕ್ಕಟ್ಟು ಗೊತ್ತು. 8.6.8.6ರ ಕಾಮನ್ ಮೀಟರ್ (ಎಂಟು, ಆರು, ಎಂಟು, ಆರು ಅಕ್ಷರದ ಸಾಲುಗಳ ಛಂದಸ್ಸು) ಏಳುವುದೇ ಪೆಟ್ಟಿಲ್ಲದ ಅಕ್ಷರದಿಂದ. ಅಲ್ಲಿ ‘ದೇವರು’ ಇಟ್ಟರೆ ‘ದೆವಾರು’ ಆಗುತ್ತದೆ. ‘ಕರುಣೆ’ ಇಟ್ಟರೆ ‘ಕರೂಣೆ’. ಲಘು–ಗುರು ಕ್ರಮದ ಪದ ಬೇಕು: ‘ಯೆಹೋವ’, ‘ದಯಾಳು’, ‘ಸದಾ’. ಇಲ್ಲವೇ ಮೊದಲಿಗೆ ‘ಓ’, ‘ನೀ’ಯಂಥ ಒಂದಕ್ಷರ ಹಾಕಿ, ಆಮೇಲೆ ‘ದೇವ’. ಇಂಗ್ಲಿಷಿನ ಒಂದು ಚರಣದ ಅರ್ಥ ಕನ್ನಡದ ಒಂದೇ ಚರಣದಲ್ಲಿ ಹಿಡಿಸುವುದಿಲ್ಲ. ಎರಡು ಮಾಡಿಕೊಳ್ಳಿ, ತುರುಕಬೇಡಿ.

ನಡುವೆ ಎರಡು ಪ್ರಯೋಗ ಮಾಡಿದೆವು. 1560ರ ದಶಕದಲ್ಲಿ ಫ್ರೆಂಚ್ ಸಂಗೀತಗಾರ ಗೂದಿಮೆಲ್ ಬರೆದ ನಾಲ್ಕು ಧ್ವನಿಯ ಜೋಡಣೆಗಳಲ್ಲಿ ಹಲವೆಡೆ ಮೂಲರಾಗ ಟೆನರ್‌ನಲ್ಲಿದೆ. ಹಾಗೆ ಹಾಡಿದರೆ ಗಂಡಸರ ದನಿ ಎದ್ದು ನಿಲ್ಲುತ್ತದೆ, ಆದರೆ ಇಬ್ಬರೇ ಟೆನರ್ ಇದ್ದರೆ ರಾಗ ಮುಳುಗುತ್ತದೆ. ಕನಿಷ್ಠ ನಾಲ್ವರು ಬೇಕು. ಎರಡನೆಯದು ಓಲ್ಡ್ ಹಂಡ್ರೆಡ್ತ್‌ನ ಹಳೆಯ ಲಯ: ಮೊದಲ ಸ್ವರ ಉದ್ದ, ನಾಲ್ಕು ಗಿಡ್ಡ, ಕೊನೆಯ ಮೂರು ಉದ್ದ. ಎಂಟನ್ನೂ ಸಮವಾಗಿ ಎಳೆದು ಹಾಡುವ ತಂಡಕ್ಕೆ ಇದನ್ನು ಒಂದು ತಿಂಗಳು ಕೊಡಿ, ಎಳೆತ ತಾನಾಗಿ ಬಿಡುತ್ತದೆ. ಈಗ ನಾವು ಅದೇ ಲಯದಲ್ಲಿ ಹಾಡುತ್ತೇವೆ. ಮುಂದಿನದು 23ನೇ ಕೀರ್ತನೆ, ಕ್ರಿಮಂಡ್ ರಾಗದಲ್ಲಿ. ಬೇಸ್ ಪಾರ್ಟು ಆಗಲೇ ಎಲ್ಲರ ಬಾಯಲ್ಲಿದೆ.