ಸ್ಪ್ರಿಂಟ್ ನಡುವೆ ಕೆಲಸ ನಿಲ್ಲಿಸುವುದು ಹೇಗೆ? ನಿಲ್ಲಿಸಬೇಕಾದವರು ಯಾರು?

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸ ಶುರು ಮಾಡಲು ಬೇಕಾದಷ್ಟು ಮೀಟಿಂಗುಗಳಿವೆ. ನಿಲ್ಲಿಸುವುದಕ್ಕೆ ಮಾತ್ರ ಕ್ರಮವೇ ಇಲ್ಲ. ಸ್ಪ್ರಿಂಟ್ (ಒಂದು ಗುರಿ ಇಟ್ಟುಕೊಂಡು ತಂಡ ಕೆಲಸ ಮಾಡುವ ನಿಗದಿತ ಚಿಕ್ಕ ಅವಧಿ) ಅರ್ಧಕ್ಕೆ ಬಂದಿರುವಾಗ ಮ್ಯಾನೇಜರ್ ಬಂದು "ಅದನ್ನ ಸದ್ಯಕ್ಕೆ ಬಿಟ್ಬಿಡಿ, ಇದು ಅರ್ಜೆಂಟು" ಅನ್ನುತ್ತಾರೆ. ಡೆವಲಪರ್‌ಗಳು ಬಿಡುತ್ತಾರೆ. ಆ ಕೆಲಸದ ಟಿಕೆಟ್ (ಒಂದೊಂದು ಬಿಡಿ ಕೆಲಸದ ನಮೂದು) ಬೋರ್ಡಿನ ಮೇಲೆ 'ಇನ್ ಪ್ರೋಗ್ರೆಸ್' ಎಂದೇ ಕೂತಿರುತ್ತದೆ, ಮುಂದಿನ ಸ್ಪ್ರಿಂಟಿಗೆ ಸ್ಪಿಲ್‌ಓವರ್ ಆಗುತ್ತದೆ, ಅದರ ಮುಂದಿನದಕ್ಕೂ ಹೋಗುತ್ತದೆ. ನಿಲ್ಲಿಸಿದ್ದು ಯಾರು, ಯಾಕೆ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ತಂಡದಿಂದ ತಂಡಕ್ಕೆ ಇದೇ ತಪ್ಪು ಮರುಕಳಿಸುವುದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದು ಸ್ಕ್ರಮ್ ಪದ್ಧತಿಯ ತಂಡಗಳಿಗೆ, ಅಂದರೆ ಕೆಲಸವನ್ನು ಸ್ಪ್ರಿಂಟ್‌ಗಳಾಗಿ ಒಡೆದುಕೊಂಡು ಮಾಡುವವರಿಗೆ.

1. ಏನನ್ನು ನಿಲ್ಲಿಸುತ್ತಿದ್ದೀರಿ ನೋಡಿ

ಒಂದು ಟಿಕೆಟ್ಟೋ, ಇಡೀ ಸ್ಪ್ರಿಂಟೋ, ಪ್ರಾಜೆಕ್ಟೋ? ಸ್ಪ್ರಿಂಟಿನ ಒಳಗಿನ ಟಿಕೆಟ್ ಆದರೆ ಡೆವಲಪರ್‌ಗಳು ಪ್ರಾಡಕ್ಟ್ ಓನರ್ (ಏನು ಮಾಡಬೇಕು, ಯಾವುದು ಮೊದಲು ಎಂದು ತೀರ್ಮಾನಿಸುವವರು) ಜತೆ ಮಾತಾಡಿ ಕೈಬಿಡಬಹುದು, ಸ್ಪ್ರಿಂಟ್ ಗೋಲ್‌ಗೆ, ಅಂದರೆ ಆ ಸ್ಪ್ರಿಂಟಿನ ಗುರಿಗೆ, ಧಕ್ಕೆ ಬರಬಾರದು ಅಷ್ಟೆ. ಪ್ರಾಜೆಕ್ಟನ್ನೇ ಮುಚ್ಚುವುದು ದುಡ್ಡು ಹಾಕಿದವರ ತೀರ್ಮಾನ. ಗೊಂದಲವೆಲ್ಲ ನಡುವಿನದರಲ್ಲಿ, ಇಡೀ ಸ್ಪ್ರಿಂಟ್ ನಿಲ್ಲಿಸುವುದರಲ್ಲಿ.

2. ಅಧಿಕಾರ ಯಾರದೆಂದು ಮೊದಲೇ ಗೊತ್ತಿರಲಿ

ಸ್ಕ್ರಮ್ ರೂಪಿಸಿದ ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ಬರೆದ ಕೈಪಿಡಿ ಸ್ಕ್ರಮ್ ಗೈಡ್ ಇದನ್ನು ನೇರವಾಗಿ ಹೇಳುತ್ತದೆ: ಸ್ಪ್ರಿಂಟ್ ರದ್ದು ಮಾಡುವ ಅಧಿಕಾರ ಪ್ರಾಡಕ್ಟ್ ಓನರ್‌ಗೆ ಮಾತ್ರ. ಪ್ರಾಡಕ್ಟ್ ಓನರ್ ಅಂದರೆ ಒಬ್ಬ ವ್ಯಕ್ತಿ, ಸಮಿತಿಯಲ್ಲ ಎಂದೂ ಅದರಲ್ಲಿದೆ. ಗ್ರಾಹಕರು, ತಂಡದವರು, ಸ್ಕ್ರಮ್ ಮಾಸ್ಟರ್ (ತಂಡ ಪದ್ಧತಿಯಂತೆ ನಡೆಯಲು ನೆರವಾಗುವವರು) ಒತ್ತಾಯ ಮಾಡಬಹುದು ಎಂದು 2017ರ ಆವೃತ್ತಿ ಒಪ್ಪಿತ್ತು. ಆದರೂ ಕೊನೆಯ ಮಾತು ಆ ಒಬ್ಬರದೇ. 2020ರ ಆವೃತ್ತಿ ವಿವರಣೆಯನ್ನು ಕಡಿಮೆ ಮಾಡಿತು, ನಿಯಮವನ್ನು ಉಳಿಸಿಕೊಂಡಿತು.

ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ನಮ್ಮ ಸರ್ವಿಸ್ ಕಂಪನಿಗಳಲ್ಲಿ ಇದು ಎಡವಟ್ಟಾಗುವುದು ಹೀಗೆ: ನಿಜವಾದ ಪ್ರಾಡಕ್ಟ್ ಓನರ್ ಅಮೆರಿಕದಲ್ಲೋ ಯುರೋಪಿನಲ್ಲೋ ಇರುತ್ತಾರೆ, ಇಲ್ಲಿರುವುದು ಅವರ ಪರವಾಗಿ ಮಾತಾಡುವ 'ಪ್ರಾಕ್ಸಿ'. ಪ್ರಾಕ್ಸಿಗೆ ರದ್ದು ಮಾಡುವ ಅಧಿಕಾರ ಇದೆಯೋ ಇಲ್ಲವೋ ಎಂಬುದನ್ನು ಪ್ರಾಜೆಕ್ಟ್ ಶುರುವಾಗುವ ವಾರದಲ್ಲೇ ಕೇಳಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬೆಂಕಿ ಹತ್ತಿದ ದಿನ ಕೇಳಿದರೆ ಆ ಕಡೆ ರಾತ್ರಿಯಾಗಿರುತ್ತದೆ, ಒಂದು ದಿನ ಹೋಯಿತೆಂದೇ ಲೆಕ್ಕ.

3. ಗೋಲ್ ಸತ್ತಿದೆಯೇ, ಬರೀ ಕಷ್ಟವಾಗಿದೆಯೇ?

ಅತಿ ಹೆಚ್ಚು ತಂಡಗಳು ಕೆಡಿಸಿಕೊಳ್ಳುವುದು ಇಲ್ಲಿ. ಸ್ಪ್ರಿಂಟ್ ರದ್ದು ಮಾಡಲು ಗೈಡ್ ಕೊಡುವ ಕಾರಣ ಒಂದೇ: ಸ್ಪ್ರಿಂಟ್ ಗೋಲ್‌ಗೆ ಅರ್ಥವೇ ಉಳಿಯದಿರುವುದು. ಕೆಲಸ ಹಿಂದೆ ಬಿದ್ದಿದೆ, ಇಬ್ಬರು ರಜೆಯಲ್ಲಿದ್ದಾರೆ, ಎಸ್ಟಿಮೇಟ್ ತಪ್ಪಾಯಿತು, ಪ್ರೊಡಕ್ಷನ್‌ನಲ್ಲಿ (ಜನ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲಿ) ಬಗ್ ಬಂತು: ಇವು ಯಾವುವೂ ಕಾರಣವಲ್ಲ. ಇಂಥ ಸಂದರ್ಭದಲ್ಲಿ ಸ್ಕೋಪ್, ಅಂದರೆ ಕೆಲಸದ ಪ್ರಮಾಣ, ಇಳಿಸಬೇಕೇ ಹೊರತು ಸ್ಪ್ರಿಂಟ್ ಮುರಿಯಬಾರದು.

ಎರಡು ಉದಾಹರಣೆ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. 2025ರ ಆಗಸ್ಟ್ 21ರಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಮರುದಿನವೇ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂಥ ಆಟದ ಆ್ಯಪ್ ಮಾಡುವ ಒಂದು ತಂಡದ ಆ ವಾರದ ಗೋಲ್ 'ಆಟಗಾರರು ಯುಪಿಐನಿಂದ ಸುಲಭವಾಗಿ ವ್ಯಾಲೆಟ್ ತುಂಬುವಂತೆ ಮಾಡುವುದು' ಆಗಿತ್ತು ಅಂದುಕೊಳ್ಳಿ. ಎಷ್ಟು ಚೆನ್ನಾಗಿ ಮಾಡಿ ಮುಗಿಸಿದರೂ ಅದನ್ನು ಬಳಸುವವರಿಲ್ಲ. ಗೋಲ್ ಸತ್ತಿದೆ. ಆ ದಿನವೇ ರದ್ದು ಮಾಡಬೇಕು.

ಎರಡನೆಯದು ಅದೇ ವರ್ಷ ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿ ಸಭೆ. ಬಹುತೇಕ ಸರಕುಗಳು ಶೇ 5 ಮತ್ತು ಶೇ 18ರ ಸ್ತರಕ್ಕೆ ಬಂದವು, ಜಾರಿ ಸೆಪ್ಟೆಂಬರ್ 22ರಿಂದ. ಬಿಲ್ಲಿಂಗ್ ಸಾಫ್ಟ್‌ವೇರ್ ತಂಡವೊಂದರ ಗೋಲ್ 'ಅಂಗಡಿಯವರಿಗೆ ತೆರಿಗೆ ಲೆಕ್ಕ ತಪ್ಪಿಲ್ಲದೆ ಬರುವಂತೆ ಮಾಡುವುದು' ಎಂದಿದ್ದರೆ, ಅದಕ್ಕೆ ಬೆಲೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಹಳೆ ದರದ ಟಿಕೆಟ್ ತೆಗೆದು ಹೊಸದನ್ನು ಹಾಕಿದರೆ ಸಾಕು, ಸ್ಪ್ರಿಂಟ್ ಹಾಗೇ ನಡೆಯಲಿ. ಗಾಬರಿಯಲ್ಲಿ ಇದನ್ನೂ ರದ್ದು ಮಾಡಿದರೆ ಪ್ಲಾನಿಂಗ್ ಮೊದಲಿನಿಂದ ಶುರು, ಅಮೂಲ್ಯವಾದ ಎರಡು ದಿನ ಮೀಟಿಂಗಿಗೇ ಹೋಗುತ್ತದೆ.

ಪರೀಕ್ಷೆ ಮಾಡುವ ಕ್ರಮ ಇದು. ಗೋಲ್ ಬರೆದಿರುವ ಸಾಲನ್ನು ಪರದೆಯ ಮೇಲೆ ಹಾಕಿ. ಪ್ರಾಡಕ್ಟ್ ಓನರ್‌ಗೆ ಒಂದೇ ಪ್ರಶ್ನೆ ಕೇಳಿ: "ಇದು ನಾಳೆ ಬೆಳಿಗ್ಗೆ ಮುಗಿದು ನಿಮ್ಮ ಕೈಗೆ ಬಂದರೆ ನಿಮಗೆ ಬೇಕಾ?" ಬೇಕು ಅಂದರೆ ರದ್ದಿನ ಮಾತು ಅಲ್ಲಿಗೇ ಮುಗಿಯಿತು. ಬೇಡ ಅಂದರೆ "ಹಾಗಾದರೆ ರದ್ದು ಮಾಡುತ್ತಿದ್ದೀರಾ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. "ನೋಡೋಣ", "ಪಾರ್ಕ್ ಮಾಡಿ", "ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ" ಇವನ್ನು ಉತ್ತರವೆಂದು ತೆಗೆದುಕೊಳ್ಳಲೇಬೇಡಿ. ಸ್ಕ್ರಮ್ ಮಾಸ್ಟರ್ ಅವರ ಬಾಯಿಗೆ ಮಾತು ಹಾಕಲೂಬಾರದು. ಮೌನ ಸಹಿಸಲಾಗದೆ "ಸರಿ, ನಿಲ್ಲಿಸ್ತೀವಿ" ಅಂದವರ ಹೆಸರಿಗೇ ಆ ನಿರ್ಧಾರ ಅಂಟುತ್ತದೆ.

ಗೋಲ್ ಎಂದು ಬರೆದೇ ಇಲ್ಲದ ತಂಡಗಳೂ ಬಹಳ. 'ಈ ಹನ್ನೆರಡು ಟಿಕೆಟ್ ಮುಗಿಸುವುದು' ಎಂಬುದು ಗೋಲ್ ಅಲ್ಲ. ಅಂಥಲ್ಲಿ ಈ ಪರೀಕ್ಷೆ ನಡೆಯುವುದೇ ಇಲ್ಲ, ಗಟ್ಟಿ ದನಿಯವರು ಗೆಲ್ಲುತ್ತಾರೆ.

4. ತೀರ್ಮಾನವನ್ನು ಬರೆದಿಡಿ

ಯಾರು, ಯಾವ ದಿನ, ಯಾಕೆ: ಮೂರು ಸಾಲು, ಪ್ರಾಡಕ್ಟ್ ಓನರ್ ಕೈಯಿಂದಲೇ. ವಾಟ್ಸ್‌ಆ್ಯಪ್‌ನಲ್ಲಿ ಬೇಡ, ಹುಡುಕಿದಾಗ ಸಿಗುವ ಜಾಗದಲ್ಲಿ. ಟಿಕೆಟ್‌ಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಜಿರಾದಲ್ಲಿ ಸ್ಪ್ರಿಂಟ್ ರದ್ದು ಮಾಡಲೆಂದೇ ಬೇರೆ ಗುಂಡಿ ಇಲ್ಲ, 'ಕಂಪ್ಲೀಟ್ ಸ್ಪ್ರಿಂಟ್' ಒತ್ತಿಯೇ ಮುಚ್ಚಬೇಕು. ಆದ್ದರಿಂದ ಸ್ಪ್ರಿಂಟಿನ ಹೆಸರಿನಲ್ಲೇ 'ರದ್ದು' ಎಂದು ಸೇರಿಸಿ. ಡಿಲೀಟ್ ಮಾಡುವ ಸುಲಭದ ದಾರಿ ಹಿಡಿಯಬೇಡಿ. ಉಳಿದ ಟಿಕೆಟ್‌ಗಳನ್ನು ತಾನಾಗಿಯೇ ಮುಂದಿನ ಸ್ಪ್ರಿಂಟಿಗೆ ತಳ್ಳುವ ಆಡ್-ಆನ್‌ಗಳಿಗೆ ದುಡ್ಡು ಕೊಡಬೇಡಿ. ಬೇಕೋ ಬೇಡವೋ ಎಂದು ಮನುಷ್ಯರು ಯೋಚಿಸಬೇಕಾದ ಕ್ಷಣವನ್ನೇ ಅವು ನುಂಗಿಹಾಕುತ್ತವೆ.

5. ಅರ್ಧ ಮುಗಿದ ಕೆಲಸ ವಿಂಗಡಿಸಿ

ಪೂರ್ತಿ ಮುಗಿದು 'ಡನ್' ಆಗಿರುವುದನ್ನು ಪ್ರಾಡಕ್ಟ್ ಓನರ್ ನೋಡಲಿ, ಉಪಯೋಗವಿದ್ದರೆ ತೆಗೆದುಕೊಳ್ಳಲಿ. ಮುಗಿಯದ್ದನ್ನು ಮತ್ತೆ ಎಸ್ಟಿಮೇಟ್ ಮಾಡಿ ಬ್ಯಾಕ್‌ಲಾಗ್‌ಗೆ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಗೆ) ಹಾಕಿ. ಹಳೆಯ ಎಸ್ಟಿಮೇಟಿನ ಪಾಯಿಂಟ್‌ಗಳನ್ನು ಹಾಗೇ ಬಿಡಬೇಡಿ. ಇನ್ನು ಬೇಡವೇ ಬೇಡ ಅನ್ನುವುದನ್ನು 'ವೋಂಟ್ ಡೂ' ಎಂದು ಮುಚ್ಚಿ. 'ಮುಂದೆ ಬೇಕಾದೀತು' ಎಂದು ಇಟ್ಟುಕೊಂಡ ಟಿಕೆಟ್‌ಗಳಿಂದಲೇ ಬ್ಯಾಕ್‌ಲಾಗ್ ಕೊಳೆಯುವುದು. ಅರ್ಧಂಬರ್ಧ ಕೋಡ್ ಮೇನ್ ಬ್ರಾಂಚ್‌ನಲ್ಲಿ (ಎಲ್ಲರ ಕೋಡ್ ಸೇರುವ ಮುಖ್ಯ ಪ್ರತಿಯಲ್ಲಿ) ಒಂದು ಸಾಲೂ ಉಳಿಯದಂತೆ ಅದೇ ದಿನ ತೆಗೆಸಿ, ಫೀಚರ್ ಫ್ಲ್ಯಾಗ್ (ಕೋಡನ್ನು ಆನ್-ಆಫ್ ಮಾಡುವ ಸ್ವಿಚ್) ಹಿಂದೆ ಬಚ್ಚಿಟ್ಟಿದ್ದರೂ ಬಿಡಬೇಡಿ. ಬರೆದವರಿಗೆ ಇದು ನೋವಿನ ಕೆಲಸ. ರದ್ದಾದದ್ದು ಗೋಲ್, ಅವರ ಕೆಲಸದಲ್ಲಿ ದೋಷವಿರಲಿಲ್ಲ ಎಂದು ಪ್ರಾಡಕ್ಟ್ ಓನರ್ ಎಲ್ಲರ ಮುಂದೆ ಹೇಳಬೇಕು, ತಮ್ಮ ಬಾಯಿಂದಲೇ.

6. ಹೊಸ ಸ್ಪ್ರಿಂಟ್

ಮತ್ತೆ ಪ್ಲಾನಿಂಗ್ ಮಾಡಿ. ಹಳೆ ಸ್ಪ್ರಿಂಟ್ ಮುಗಿಯಬೇಕಿದ್ದ ತಾರೀಖಿಗೇ ಹೊಸದೂ ಮುಗಿಯುವ ಹಾಗೆ ಚಿಕ್ಕದಾಗಿ ಇಟ್ಟುಕೊಳ್ಳಿ, ಪಕ್ಕದ ತಂಡಗಳ ಲಯ ತಪ್ಪುವುದಿಲ್ಲ. ಎರಡು ವಾರದ ಸ್ಪ್ರಿಂಟನ್ನೇ ನಾನು ಒತ್ತಿ ಹೇಳುವುದೂ ಇದಕ್ಕೇ: ಗೈಡ್ ಒಂದು ತಿಂಗಳವರೆಗೆ ಅವಕಾಶ ಕೊಡುತ್ತದೆ, ಆದರೆ ಅವಧಿ ಚಿಕ್ಕದಿದ್ದಷ್ಟೂ ನಡುವೆ ಮುರಿಯುವ ಪ್ರಸಂಗ ಕಡಿಮೆ.

ಫಿಕ್ಸೆಡ್ ಪ್ರೈಸ್ (ಇಡೀ ಕೆಲಸಕ್ಕೆ ಮೊದಲೇ ಮೊತ್ತ ಗೊತ್ತುಮಾಡಿದ) ಒಪ್ಪಂದದಲ್ಲಿ ಇರುವವರಿಗೆ ಇನ್ನೊಂದು ಮಾತು. ರದ್ದಾದ ಕೆಲಸಕ್ಕೆ ಹಿಡಿದ ದಿನಗಳ ಬಿಲ್ ಯಾರ ತಲೆಗೆ ಎಂಬ ಪ್ರಶ್ನೆಯನ್ನು ಡೆಲಿವರಿ ಮ್ಯಾನೇಜರ್ ಅದೇ ವಾರ ಗ್ರಾಹಕರೊಂದಿಗೆ ಬಗೆಹರಿಸಿಕೊಳ್ಳಬೇಕು. ನಾಲ್ಕನೇ ಹೆಜ್ಜೆಯಲ್ಲಿ ಬರೆಸಿಕೊಂಡ ಮೂರು ಸಾಲು ಆ ಮೀಟಿಂಗಿಗೆ ಜತೆಗಿರಲಿ.