ಆಮ್ಸ್ಟರ್‌ಡ್ಯಾಮ್–ಲಿಸ್ಬನ್: ಕೊನೆಗೂ ಕೂಡಿಬಂದ ನನ್ನ ಲೆಕ್ಕ

ವಿಮಾನ ಎಷ್ಟು ಹೊತ್ತಿಗೆ ತಲುಪುತ್ತೆ ಅಂತ ನಾನೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕುತ್ತೇನೆ. "ಆ್ಯಪ್ ಇರುವಾಗ ಎಕ್ಸೆಲ್ ಯಾಕೆ ಗುರು?" ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೇನ್‌ನ ನಮ್ಮ ಗೆಳೆಯರೆಲ್ಲ ನಗುತ್ತಿದ್ದರು. ನಗಲಿಕ್ಕೆ ಕಾರಣವೂ ಇತ್ತು. ಹೋದ ಸಲ ಇದೇ ಲೆಕ್ಕ ನಂಬಿ ಸುಮಾರು 100 ಯೂರೋ ಕಳೆದಿದ್ದೆ.

ಆವತ್ತು ಆಮ್ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ವಿಮಾನ 40 ನಿಮಿಷ ತಡ. ಲಿಸ್ಬನ್‌ನಿಂದ ಪೋರ್ಟೋಗೆ ನಾಲ್ಕು ಜನರ ರೈಲು ಟಿಕೆಟ್ ಇತ್ತು. ಗೇಟಿನಲ್ಲಿ ಕೂತೇ ಬದಲಾಯಿಸಬಹುದಿತ್ತು. ನಾನು ಮೊಬೈಲ್ ತೆಗೆದು ಲೆಕ್ಕ ಹಾಕಿದೆ: ದೂರ 1,540 ಕಿ.ಮೀ, ಗಂಟೆಗೆ 850 ಕಿ.ಮೀ ವೇಗದಿಂದ ಭಾಗಿಸಿದರೆ ಒಂದೂ ಮುಕ್ಕಾಲು ಗಂಟೆ. "ಸಿಗುತ್ತೆ ಬನ್ನಿ" ಅಂದೆ. ಹಿಡಿದದ್ದು ಮೂರು ಗಂಟೆ. ವಿಮಾನ ನಿಲ್ದಾಣದಿಂದ ಓರಿಯೆಂಟ್ ಸ್ಟೇಷನ್‌ಗೆ ಮೆಟ್ರೋದಲ್ಲಿ ಮೂರೇ ಸ್ಟಾಪ್, ಆದರೂ ರೈಲು ಹೋಗಿಯಾಗಿತ್ತು.

ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ನನ್ನ ಎಕ್ಸೆಲ್ ಸೂತ್ರ ದೂರ ಹೇಳುತ್ತೆ; ಮನೆಗೆ ಬಂದು ನೋಡಿದರೆ ಲಿಸ್ಬನ್ ರೇಖಾಂಶ 9.13ರ ಮುಂದೆ ಮೈನಸ್ ಹಾಕಿರಲಿಲ್ಲ. ಊರು ಗ್ರೀನಿಚ್‌ಗೆ ಪಶ್ಚಿಮಕ್ಕಿದೆಯಲ್ವಾ! ಸೂತ್ರ ಹೊಸದಾಗಿ ಬರೆದೆ, ಈ ಸಲ ಡಿಗ್ರಿಯನ್ನು ಎಕ್ಸೆಲ್ ಕೇಳುವ ಕೋನದ ಅಳತೆ, ರೇಡಿಯನ್, ಮಾಡುವುದು ಮರೆತೆ. 4,800 ಕಿ.ಮೀ ಬಂತು. ಮಗಳ ಗ್ಲೋಬ್ ಮೇಲೆ ದಾರ ಎಳೆದು ಅಳೆದೆ: ನಾಲ್ಕೂವರೆ ಸೆಂ.ಮೀಗೆ ಸ್ವಲ್ಪ ಕಡಿಮೆ, ಅಂದರೆ ಹತ್ತಿರ ಹತ್ತಿರ 1,900. ಎರಡೂ ತಪ್ಪು ತಿದ್ದಿದ ಮೇಲೆ ಎಕ್ಸೆಲ್ 1,845 ಅಂತು. ದಾರವೇ ವಾಸಿ!

ಈಗ ಹೀಗೆ ಮಾಡುತ್ತೇನೆ. ವಿಮಾನ ನೇರ ಗೆರೆಯಲ್ಲಿ ಹೋಗಲ್ಲ, ಅದಕ್ಕೆ ನೂರಕ್ಕೆ ಐದು ಸೇರಿಸುತ್ತೇನೆ. ಗಂಟೆಗೆ 800 ಕಿ.ಮೀ ವೇಗದಿಂದ ಭಾಗಿಸಿದರೆ ಎರಡು ಗಂಟೆ 25 ನಿಮಿಷ. ಏರಿಳಿಯುವುದಕ್ಕೆ, ನೆಲದಲ್ಲಿ ಓಡಾಡುವುದಕ್ಕೆ ಇನ್ನೊಂದು 25. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಅದಕ್ಕೆ ಹತ್ತು. ಒಟ್ಟು ಮೂರು ಗಂಟೆ. ವಾಪಸು ಬರುವಾಗ ಆ ಹತ್ತು ಬೇಡ.

ನೆಲದ ಓಡಾಟವೇ ಕಷ್ಟದ್ದು. ಸ್ಕಿಪೋಲ್‌ನಲ್ಲಿ ದೂರದ ಪೋಲ್ಡರ್‌ಬಾನ್ ರನ್‌ವೇ ಸಿಕ್ಕಿತೋ, ಹೆದ್ದಾರಿ ಮೇಲಿನ ಸೇತುವೆ ದಾಟಿ ಕಾಲು ಗಂಟೆ ಉರುಳುತ್ತಲೇ ಇರಬೇಕು. ಕೆಳಗಿನ ಕಾರುಗಳು ನಮಗಿಂತ ಜೋರಾಗಿ ಹೋಗುತ್ತವೆ. ಆ ದಿನ ಯಾವ ರನ್‌ವೇ ಅಂತ ಮೊದಲೇ ಹೇಗೆ ಊಹಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ, ಬಿಡಿ.

ಕಿಟಕಿ ಸೀಟಿದ್ದರೆ ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಓಡುತ್ತದೆ. ಸುಮ್ನೆ ಗಾಜಿಗೆ ಫೋನ್ ಹಿಡಿದು ಕೂತೆ. ವಿಮಾನದ ವೇಗ ಹೋಗುವಾಗ ಗಂಟೆಗೆ 760 ಕಿ.ಮೀ ಆಸುಪಾಸು, ಬರುವಾಗ 880. ಪಕ್ಕದಲ್ಲಿದ್ದ ಅಜ್ಜಿ ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡು ತಲೆ ಹಿಂದಕ್ಕೆ ಸರಿಸಿ ಜಾಗ ಬಿಟ್ಟರು.

ಈ ಸಲ 9:25ಕ್ಕೆ ಗೇಟ್ ಬಿಟ್ಟೆವು. ಲಿಸ್ಬನ್ ಗಡಿಯಾರ ಒಂದು ಗಂಟೆ ಹಿಂದೆ, ಹಾಗಾಗಿ 11:25 ಅಂತ ಬೋರ್ಡಿಂಗ್ ಪಾಸ್ ಹಿಂದೆ ಬರೆದು ಗೆಳೆಯನ ಜೇಬಿಗೆ ತುರುಕಿದೆ. ವಿಮಾನ ಲಿಸ್ಬನ್ ಗೇಟಿಗೆ ಬಂದು ನಿಂತಾಗ 11:27. ಅವನು ಚೀಟಿ ನೋಡಿದ, ವಾಚ್ ನೋಡಿದ, "ಎರಡು ನಿಮಿಷ ತಪ್ಪು" ಅಂದ.

ಈಗ ಅಥೆನ್ಸ್‌ಗೆ ಲೆಕ್ಕ ಹಾಕಿಕೊಡು ಅಂತ ಅವನೇ ಹಿಂದೆ ಬಿದ್ದಿದ್ದಾನೆ.