ಪ್ರೋಗ್ರಾಮರ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗುವ ಮುನ್ನ

ಇಲ್ಲಿ ಪ್ರೋಗ್ರಾಮರ್ ಎಂದರೆ ಮನುಷ್ಯನಲ್ಲ, ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನಿಂದ ಚಿಪ್‌ಗೆ ತುಂಬುವ ಸಾಧನ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಒಂದು ಪ್ರೋಗ್ರಾಮರ್ ಕೊಡಿ’ ಎಂದರೆ ಅಂಗಡಿಯವರು ಮೊದಲು ಕೇಳುವುದು ‘ಯಾವ ಚಿಪ್‌ಗೆ ಸಾರ್?’ ಎಂದು. ಇದಕ್ಕೆ ಉತ್ತರವನ್ನು ಮನೆಯಲ್ಲೇ ಸಿದ್ಧಮಾಡಿಕೊಂಡು ಹೋಗಬೇಕು. ಏಕೆಂದರೆ ಎಲ್ಲ ಮೈಕ್ರೊಕಂಟ್ರೋಲರ್‌ಗಳಿಗೂ (ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್‌ಗಳಿಗೂ) ಒಗ್ಗುವ ಅಗ್ಗದ ಸಾಧನವೆಂಬುದಿಲ್ಲ, ಕೆಲವಕ್ಕಂತೂ ಪ್ರೋಗ್ರಾಮರ್ ಬೇಕಾಗುವುದೇ ಇಲ್ಲ.

ಉದಾಹರಣೆಗೆ, ರಾಸ್ಪ್‌ಬೆರಿ ಪೈ ಪಿಕೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ ಬೂಟ್‌ಸೆಲ್ ಗುಂಡಿಯನ್ನು ಒತ್ತಿಹಿಡಿದು ಕಂಪ್ಯೂಟರಿಗೆ ಜೋಡಿಸಿದರೆ ಅದು ಪೆನ್ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ, ಪ್ರೋಗ್ರಾಮಿನ ಫೈಲನ್ನು ಅದಕ್ಕೆ ನಕಲಿಸಿದರಾಯಿತು. ಇಎಸ್‌ಪಿ32 ಬೋರ್ಡುಗಳಿಗೂ ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ ಸಾಕು. ಆದರೆ ಅದು ಬರಿಯ ಚಾರ್ಜಿಂಗ್ ಕೇಬಲ್ ಆಗಿರಬಾರದು.

ಎಟಿಮೆಗಾ328ಪಿ, ಎಟಿಟೈನಿ85 ಮುಂತಾದ ಎವಿಆರ್ ಕುಟುಂಬದ ಬಿಡಿ ಚಿಪ್‌ಗಳಿಗೆ ನನ್ನ ಆಯ್ಕೆ ಯುಎಸ್‌ಬಿಎಎಸ್‌ಪಿ ಎಂಬ ಪ್ರೋಗ್ರಾಮರ್. ವರ್ಷಕ್ಕೊಮ್ಮೆ ಮಾತ್ರ ಇಂಥ ಕೆಲಸ ಬೀಳುವುದಾದರೆ ಅದನ್ನೂ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಆರ್ಡುಇನೊ ಊನೊ ಬೋರ್ಡಿಗೆ ‘ಆರ್ಡುಇನೊ ಐಎಸ್‌ಪಿ’ ಎಂಬ ಉದಾಹರಣೆ ಸ್ಕೆಚ್ (ಆರ್ಡುಇನೊ ಪ್ರೋಗ್ರಾಮ್) ತುಂಬಿ, ಆಮೇಲೆ ಅದರ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟರೆ ಅದೇ ಪ್ರೋಗ್ರಾಮರ್ ಆಗುತ್ತದೆ. ಯುಎಸ್‌ಬಿಎಎಸ್‌ಪಿ ಕೊಳ್ಳುವವರು ಅದರ ವೋಲ್ಟೇಜ್ ಆರಿಸುವ ಪುಟ್ಟ ಕೊಂಡಿಯನ್ನು, ಅಂದರೆ ಜಂಪರ್ ಅನ್ನು, ಪೂರ್ತಿ ನಂಬಬಾರದು: ಅಗ್ಗದ ಹಲವು ಪ್ರತಿಗಳಲ್ಲಿ ಜಂಪರ್ 3.3 ವೋಲ್ಟ್‌ನಲ್ಲಿದ್ದರೂ ಸಂಕೇತದ ತಂತಿಗಳಲ್ಲಿ 5 ವೋಲ್ಟ್ ಇರುತ್ತದೆ, ಚಿಪ್ ಕೂತಿರುವ ಬೋರ್ಡಿನಲ್ಲಿ 3.3 ವೋಲ್ಟಿನ ರೇಡಿಯೊ ಮಾಡ್ಯೂಲ್ ಇದ್ದರೆ ಅದು ಕೆಡಬಹುದು.

ಹೊಸ ಎಟಿಮೆಗಾ328ಪಿ ಚಿಪ್ ಉತ್ತರ ಕೊಡದಿದ್ದಾಗ ಅದು ಸತ್ತಿದೆ ಎಂದುಕೊಂಡು ನಾನು ಎರಡು ಚಿಪ್‌ಗಳನ್ನು ಪಕ್ಕಕ್ಕೆ ಎಸೆದಿದ್ದೆ. ಕಾರ್ಖಾನೆಯಿಂದ ಬರುವಾಗ ಅದು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ; ಪ್ರೋಗ್ರಾಮಿಂಗ್ ಗಡಿಯಾರ (ಪ್ರೋಗ್ರಾಮರ್ ಚಿಪ್‌ಗೆ ಬಿಟ್‌ಗಳನ್ನು ಕಳಿಸುವ ವೇಗ) ಅದರ ಕಾಲು ಭಾಗಕ್ಕಿಂತ, ಅಂದರೆ 250 ಕಿಲೊಹರ್ಟ್ಸ್‌ಗಿಂತ, ನಿಧಾನವಾಗಿರಬೇಕು. ಯುಎಸ್‌ಬಿಎಎಸ್‌ಪಿ ತಾನಾಗಿ ಹಿಡಿಯುವ ವೇಗ 375 ಕಿಲೊಹರ್ಟ್ಸ್. ಪ್ರೋಗ್ರಾಮರನ್ನು ನಡೆಸುವ ಎವಿಆರ್‌ಡ್ಯೂಡ್ ತಂತ್ರಾಂಶದ ಬಿಟ್ ಕ್ಲಾಕ್ ಆಯ್ಕೆಗೆ 10 (ಮೈಕ್ರೊಸೆಕೆಂಡ್, ಅಂದರೆ ಸುಮಾರು 100 ಕಿಲೊಹರ್ಟ್ಸ್) ಎಂದು ಕೊಟ್ಟ ಕೂಡಲೇ ಎರಡೂ ಚಿಪ್‌ಗಳು ಮಾತನಾಡಿದವು.

ಎಟಿಟೈನಿ412ರಂಥ ಹೊಸ ಪೀಳಿಗೆಯ ಎವಿಆರ್ ಚಿಪ್‌ಗಳು ಯುಪಿಡಿಐ ಎಂಬ ಒಂದೇ ತಂತಿಯ ಪದ್ಧತಿಯವು. ಅವಕ್ಕೆ ಯುಎಸ್‌ಬಿಎಎಸ್‌ಪಿ ಆಗುವುದಿಲ್ಲ. ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮತ್ತು ಒಂದು ರೆಸಿಸ್ಟರ್ ಸಾಕು.

ಎಸ್‌ಟಿಎಂ32 ಕುಟುಂಬದ ಮೈಕ್ರೊಕಂಟ್ರೋಲರ್‌ಗಳಿಗೆ ಎಸ್‌ಟಿ-ಲಿಂಕ್ ವಿ2 ಎಂಬ ಪ್ರೋಗ್ರಾಮರಿನ ಪ್ರತಿಗಳು ಸಿಗುತ್ತವೆ. ಒಂದು ಪ್ರತಿಯ ಪಿನ್ ಕ್ರಮ ಇನ್ನೊಂದರಲ್ಲಿ ಇರುತ್ತದೆಂಬ ಖಾತ್ರಿಯಿಲ್ಲದ ಕಾರಣ ಕವಚದ ಮೇಲಿನ ಬರಹವನ್ನು ಓದಿ, ಗ್ರೌಂಡ್ ಮತ್ತು 3.3 ವೋಲ್ಟ್ ಪಿನ್‌ಗಳನ್ನು ಮಲ್ಟಿಮೀಟರಿನಿಂದ ಅಳೆದ ಮೇಲಷ್ಟೇ ತಂತಿ ಚುಚ್ಚಬೇಕು.

ಯುಎಸ್‌ಬಿಎಎಸ್‌ಪಿ ಜೊತೆಗೆ 10 ಪಿನ್ನಿನಿಂದ 6 ಪಿನ್ನಿಗೆ ಹೊಂದಿಸುವ ಅಡಾಪ್ಟರನ್ನೂ ಕೇಳಿ ಪಡೆಯಿರಿ. ಆರ್ಡುಇನೊ ಬೋರ್ಡಿನ ಮೇಲಿರುವುದು 6 ಪಿನ್. ಮನೆಗೆ ಬಂದು ಮೊದಲು ಚಿಪ್ಪಿನ ಸಿಗ್ನೇಚರ್ (ಅದು ಯಾವ ಮಾದರಿ ಎಂದು ಹೇಳುವ ಸಂಖ್ಯೆ) ಓದಿಸಿ: ಎಟಿಮೆಗಾ328ಪಿ ಆದರೆ 1ಇ 95 0ಎಫ್ ಬರಬೇಕು. ಅಲ್ಲಿಯವರೆಗೆ ಫ್ಯೂಸ್‌ಗಳನ್ನು (ಚಿಪ್ಪಿನೊಳಗಿನ ಮೂಲ ಸೆಟ್ಟಿಂಗ್‌ಗಳನ್ನು) ಮುಟ್ಟಬೇಡಿ, ರೀಸೆಟ್ ಪಿನ್ನನ್ನು ನಿಷ್ಕ್ರಿಯಗೊಳಿಸುವ ಫ್ಯೂಸನ್ನಂತೂ ಆಮೇಲೆಯೂ ಮುಟ್ಟಬೇಡಿ. ಅದನ್ನು ಬರೆದ ಚಿಪ್ಪನ್ನು ಮತ್ತೆ ತೆರೆಯಲು 12 ವೋಲ್ಟಿನ ಹೈ ವೋಲ್ಟೇಜ್ ಪ್ರೋಗ್ರಾಮರ್ ಬೇಕಾಗುತ್ತದೆ.